ಸೆಕೆಂಡ್ ಹ್ಯಾಂಡ್ ಇಟಾಲಿಯನ್ ರೋಡ್ ಬೈಕ್: ತುಳಿದಾಗ ಬರುವ ‘ಟಕ್’ ಸದ್ದಿನ ಮೂಲ ಹುಡುಕುವುದು

ಏರು ಹತ್ತುವಾಗ ಬಲಗಾಲಿನ ಭಾರ ಪೆಡಲ್ ಮೇಲೆ ಬಿದ್ದಾಗಲೆಲ್ಲ ಒಂದು ‘ಟಕ್’. ಸಮತಟ್ಟಾದ ದಾರಿಯಲ್ಲಿ ಸದ್ದಿಲ್ಲ. ತುಳಿಯುವುದು ನಿಲ್ಲಿಸಿದರೆ ಸದ್ದಿಲ್ಲ. ಜೋರಾಗಿ ತುಳಿದಷ್ಟೂ ಸದ್ದು ಜಾಸ್ತಿ.

ನನಗೆ ಈ ಸದ್ದು ಮೊದಲು ಕೇಳಿಸಿದ್ದು ಇಟಲಿಯ ಬೆಲ್ಲಾಜಿಯೋದಿಂದ ಗಿಝಾಲ್ಲೋ ಬೆಟ್ಟ ಹತ್ತುವಾಗ. ಮಿಲಾನ್‌ಗೆ ಕೆಲಸಕ್ಕೆ ಬಂದ ಎರಡನೇ ವರ್ಷ, ವಯಸ್ಸಾದ ಒಬ್ಬರ ಗ್ಯಾರೇಜಿನಿಂದ 380 ಯೂರೋಗೆ ಒಂದು ಸೈಕಲ್ ಕೊಂಡಿದ್ದೆ. 80ರ ದಶಕದ ಸ್ಟೀಲ್ ಫ್ರೇಮು, ಸೀಟಿನ ಕೆಳಗಿನ ಟ್ಯೂಬಿನ ಮೇಲೆ ಕೊಲಂಬಸ್ ಎಸ್‌ಎಲ್ ಅನ್ನುವ ಸ್ಟೀಲ್ ಟ್ಯೂಬ್ ಬ್ರ್ಯಾಂಡಿನ ಸ್ಟಿಕರ್. ಮೂರು ವಾರ ಮಾರ್ತೆಸಾನಾ ಕಾಲುವೆ ಪಕ್ಕದ ದಾರಿಯಲ್ಲಿ ಓಡಿಸಿದೆ. ಆ ದಾರಿ ಪೂರ್ತಿ ಸಮತಟ್ಟು. ಸೈಕಲ್ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಗಿಝಾಲ್ಲೋ ಏರು ಕೆಲವು ಕಡೆ ಶೇಕಡ 14ರಷ್ಟು ಕಡಿದಾಗಿದೆ. ಅಲ್ಲಿ ಶುರುವಾಯಿತು. ಮೇಲೆ, 754 ಮೀಟರ್ ಎತ್ತರದಲ್ಲಿ, ಗಿಝಾಲ್ಲೋ ಮಾತೆಯ ಸಣ್ಣ ಚರ್ಚಿದೆ. 1949ರಲ್ಲಿ ಪೋಪ್ 12ನೇ ಪಯಸ್ ಈ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಸಾರಿದರು. ಒಳಗೆ ಗೋಡೆ ತುಂಬ ದೊಡ್ಡ ದೊಡ್ಡ ರೇಸ್‌ಗಳಲ್ಲಿ ಓಡಿದ ಸೈಕಲ್‌ಗಳು ತೂಗುತ್ತವೆ. ನಾನು ಒಳಗೆ ಹೋಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಸೈಕಲ್ ತಲೆಕೆಳಗು ಮಾಡಿ, ಕ್ರ್ಯಾಂಕ್ (ಪೆಡಲ್ ಸೇರಿಸಿರುವ ತೋಳು) ಹಿಡಿದು ಅಲುಗಿಸುತ್ತಾ ಅರ್ಧ ಗಂಟೆ ಕಳೆದೆ.

ಈ ಸದ್ದಿನ ಹಿಂದೆ ಹತ್ತು ನಿಮಿಷದ ಕೆಲಸವೂ ಇರಬಹುದು, ಫ್ರೇಮೇ ಕೈಬಿಡುವಂಥ ಹಾನಿಯೂ ಇರಬಹುದು. ಎರಡಕ್ಕೂ ಸದ್ದು ಒಂದೇ. ಹಳೆಯ ಇಟಾಲಿಯನ್ ಸೈಕಲ್‌ಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಇದೆ. ಬೇರೆ ದೇಶದ ಸೈಕಲ್ ರಿಪೇರಿ ಮಾಡಿ ಅಭ್ಯಾಸ ಇರುವವರು ಅದನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ನಾನು ಹುಡುಕಿದ ಕ್ರಮದಲ್ಲೇ ಬರೆಯುತ್ತೇನೆ. ಇನ್ನೂ ಕೊಳ್ಳದೇ ಇರುವವರಿಗೆ ಈ ಪರೀಕ್ಷೆಗಳು ಇನ್ನೂ ಹೆಚ್ಚು ಉಪಯೋಗ.

ಮೊದಲು ಸದ್ದನ್ನು ಎಣಿಸಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಎಣಿಸಬೇಕು. ಪೆಡಲ್ ಒಂದು ಸುತ್ತು ಬಂದಾಗ ಸದ್ದು ಎಷ್ಟು ಸಲ ಬರುತ್ತದೆ?

ಮುಂದೆ 42 ಹಲ್ಲು, ಹಿಂದೆ 21 ಹಲ್ಲಿನ ಗೇರ್ ಇದ್ದರೆ ಅದಕ್ಕೇ ಹಾಕಿಕೊಳ್ಳಿ. ಆಗ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸರಿಯಾಗಿ ಎರಡು ಸುತ್ತು ಬರುತ್ತದೆ. ಪ್ರತಿ ಪೆಡಲ್ ಸುತ್ತಿಗೆ ಎರಡು ಸಲ, ಒಂದೇ ಸಮ ಅಂತರದಲ್ಲಿ ಸದ್ದು ಬಂದರೆ ಮೊದಲು ಹಿಂದಿನ ಚಕ್ರ ನೋಡಿ. ಸಡಿಲವಾದ ಕಡ್ಡಿ, ಹಬ್ಬಿನ ಬೇರಿಂಗ್, ರಿಮ್ಮಿನ ಜೋಡಣೆ, ಇಂಥವು. ಆದರೆ ಎರಡೂ ಕಾಲಿನ ಒತ್ತಿಗೆ ಒಂದೊಂದು ಸದ್ದು ಬಂದರೂ ಲೆಕ್ಕ ಎರಡೇ ಆಗುತ್ತದೆ. ಗೊಂದಲ ಆದರೆ ಗೇರ್ ಬದಲಿಸಿ. ಸದ್ದಿನ ಲೆಕ್ಕವೂ ಬದಲಾದರೆ ಚಕ್ರ, ಬದಲಾಗದಿದ್ದರೆ ಪೆಡಲ್ ಕಡೆಯ ತೊಂದರೆ.

ಎರಡೂವರೆ ಸುತ್ತಿಗೊಮ್ಮೆ ಬರುತ್ತಿದ್ದರೆ ಚೈನು. ಸುಮಾರು 106 ಲಿಂಕಿನ ಚೈನು 42 ಹಲ್ಲಿನ ಮೇಲೆ ಪೂರ್ತಿ ಒಂದು ಸುತ್ತು ಬರಲು ಅಷ್ಟು ಹೊತ್ತು ಬೇಕು. ಒಂದು ಲಿಂಕ್ ಬಿಗಿಯಾಗಿ ಹಿಡಿದುಕೊಂಡಿದ್ದರೆ ಹೀಗಾಗುತ್ತದೆ. ಚೈನನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿ, ಹಿಂದೆ ಗೇರ್ ಬದಲಿಸುವ ಡಿರೇಲರ್ ಹತ್ತಿರ ಕಣ್ಣಿಡಿ. ಆ ಲಿಂಕ್ ಜಿಗಿಯುವುದು ಕಾಣುತ್ತದೆ.

ಸುತ್ತಿಗೆ ಒಂದೇ ಸಲ, ಅದೂ ಯಾವಾಗಲೂ ಒಂದೇ ಜಾಗದಲ್ಲಿ ಬಂದರೆ ಕ್ರ್ಯಾಂಕ್, ಪೆಡಲ್, ಬಿಬಿ (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್ ತಿರುಗುವ ಆಕ್ಸಲ್ ಮತ್ತು ಬೇರಿಂಗ್), ಇಲ್ಲವೇ ಸೀಟು. ನನ್ನದು ಹೀಗಿತ್ತು. ನಮ್ಮೂರಿನ ಕರಿ ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿಡುವ ಕಾಟರ್ ಪಿನ್ ಸಡಿಲವಾದರೆ ಸುತ್ತಿಗೊಂದು ‘ಟಕ್’ ಬರುತ್ತಿತ್ತು, ಅಲ್ವಾ? ಅದೇ ಲಯ. ಈ ಸೈಕಲ್‌ನಲ್ಲಿ ಕಾಟರ್ ಪಿನ್ ಇಲ್ಲ. ಆದರೂ ಕಿವಿ ನೇರವಾಗಿ ಅಲ್ಲಿಗೇ ಹೋಯಿತು.

ಸೈಕಲ್ ನಿಲ್ಲಿಸಿಕೊಂಡು ನೋಡುವುದು

ಸ್ಟೀಲ್ ಟ್ಯೂಬು ಸದ್ದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ. ಹ್ಯಾಂಡಲ್‌ನ ಕೊರಳಲ್ಲಿ ಹುಟ್ಟಿದ ಸದ್ದು ಕಾಲ ಕೆಳಗೆ ಹುಟ್ಟಿದ ಹಾಗೆ ಕೇಳುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬಬೇಡಿ.

ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಸೈಕಲ್ ಮೇಲೆ ಕೂತು, ಎರಡೂ ಬ್ರೇಕ್ ಹಿಡಿದು, ಬಲ ಪೆಡಲ್ ಮುಂದಕ್ಕೆ ಬರುವ ಹಾಗೆ ಕ್ರ್ಯಾಂಕನ್ನು ನೆಲಕ್ಕೆ ಸಮನಾಗಿ ಇಡಿ. ಈಗ ಪೆಡಲ್ ಮೇಲೆ ಭಾರ ಹಾಕಿ, ಬಿಡಿ, ಹಾಕಿ, ಬಿಡಿ. ಜೊತೆಯವರು ಒಂದು ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಫ್ರೇಮಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಲಿ. ಡಾಕ್ಟರ್ ಸ್ಟೆತೊಸ್ಕೋಪ್ ಇಟ್ಟ ಹಾಗೆ. ಬಿಬಿ ಶೆಲ್ (ಬಿಬಿ ಕೂರುವ ಕೊಳವೆ), ಸೀಟ್ ಪೋಸ್ಟ್ ಹಿಡಿಯುವ ಜಾಗ, ಹ್ಯಾಂಡಲ್‌ನ ಕೊರಳು, ಹಿಂದಿನ ಚಕ್ರ ಕೂರುವ ಜಾಗ, ಹೀಗೆ ಒಂದೊಂದೇ ಕಡೆ.

ನನಗೆ ಸಹಾಯಕ್ಕೆ ಬಂದವನು ಮೈಸೂರಿನ ಗೆಳೆಯ. ಅವನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ಬಿಬಿ ಹತ್ತಿರ ಬಂದಾಗ, “ಇಲ್ಲೇ ಗುರು, ಇನ್ನೊಂದ್ಸಲ ತುಳಿ” ಅಂದ. ತುಳಿದೆ. “ಬಲಗಡೆನೇ ಕಣೋ. ಎಡಗಡೆ ಅಷ್ಟಿಲ್ಲ.” ಆ ಒಂದು ಮಾತು ಮುಂದೆ ನನಗೆ ದಾರಿ ತೋರಿಸಿತು.

ಆಮೇಲೆ ಎರಡೂ ಕ್ರ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು ಫ್ರೇಮಿನ ಕಡೆಗೆ ಒತ್ತಿ, ಹೊರಗೆ ಎಳೆಯಿರಿ. ಒಂದೇ ಕ್ರ್ಯಾಂಕ್ ಅಲುಗಿದರೆ ಅದು ಆಕ್ಸಲ್ ಮೇಲೆ ಸಡಿಲ ಕೂತಿದೆ. ಎರಡೂ ಒಟ್ಟಿಗೆ ಅಲುಗಿದರೆ ಬಿಬಿಯೇ ಸಡಿಲವಾಗಿದೆ. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು. ಸೈಕಲ್ ಮಾರುವವರ ಮುಂದೆಯೇ ಮಾಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ಪೆಡಲ್‌ಗಳನ್ನೂ ಬದಲಿಸಿ ನೋಡಿ. ಬೇರೆ ಜೊತೆ ಹಾಕಿದಾಗ ಸದ್ದು ಹೋದರೆ ಮುಗಿಯಿತು. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ ಅನ್ನುವುದು ಮರೆಯಬೇಡಿ. ಚೈನ್‌ವೀಲ್ ಬೋಲ್ಟ್‌ಗಳು, ಬಾಟಲಿ ಸ್ಟ್ಯಾಂಡಿನ ಸ್ಕ್ರೂಗಳು, ಚಕ್ರದ ಕ್ವಿಕ್ ರಿಲೀಸ್, ಇವನ್ನೆಲ್ಲ ಬಿಚ್ಚಿ, ಒರೆಸಿ, ಒಂಚೂರು ಗ್ರೀಸ್ ಹಾಕಿ ಮತ್ತೆ ಬಿಗಿಯಿರಿ. ಇವು ಕಾರಣ ಅಲ್ಲದಿದ್ದರೂ ನಷ್ಟವಿಲ್ಲ. ನಾನು ಇದನ್ನೆಲ್ಲ ಒಂದು ಶನಿವಾರ ಮಾಡಿ ಮುಗಿಸಿದೆ. ಸದ್ದು ಹಾಗೇ ಇತ್ತು.

ಇಟಾಲಿಯನ್ ಥ್ರೆಡ್

ಈಗ ಮುಖ್ಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬಿಬಿ ಅಂದರೆ ಕ್ರ್ಯಾಂಕಿನ ಆಕ್ಸಲ್ ಮತ್ತು ಅದರ ಬೇರಿಂಗ್‌ಗಳು. ಇವನ್ನು ಹಿಡಿದಿಡುವುದು ಎರಡು ಕಪ್‌ಗಳು. ಫ್ರೇಮಿನ ಕೆಳಗೆ ಅಡ್ಡಕ್ಕೆ ಇರುವ ದಪ್ಪ ಕೊಳವೆಗೆ ಶೆಲ್ ಅನ್ನುತ್ತಾರೆ. ಅದರ ಎರಡೂ ಬಾಯಿಗೆ ಈ ಕಪ್‌ಗಳು ಸ್ಕ್ರೂ ಹಾಗೆ ತಿರುಗಿ ಕೂರುತ್ತವೆ.

ಜಗತ್ತಿನ ಬಹುಪಾಲು ಥ್ರೆಡ್ ಬಿಬಿಗಳು ಇಂಗ್ಲಿಷ್ ಅಳತೆಯವು. ಶೆಲ್ ಅಗಲ 68 ಮಿಲಿಮೀಟರ್, ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು. ಇದರಲ್ಲಿ ಬಲಗಡೆ ಕಪ್‌ಗೆ ಉಲ್ಟಾ ಥ್ರೆಡ್. ಅಂದರೆ ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ, ತಿರುಗಿಸಿದರೆ ಬಿಗಿಯಾಗುತ್ತದೆ. ಇಟಾಲಿಯನ್ ಅಳತೆ ಬೇರೆ. ಶೆಲ್ ಅಗಲ 70 ಮಿಲಿಮೀಟರ್, ಥ್ರೆಡ್ 36 ಮಿಲಿಮೀಟರ್, ಇಂಚಿಗೆ 24 ಸುತ್ತು. ಮತ್ತು ಎರಡೂ ಕಡೆ ಮಾಮೂಲಿ ಥ್ರೆಡ್. ಎರಡೂ ಕಪ್ ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ.

ಇದರಿಂದ ಏನು ತೊಂದರೆ? ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಎಡಗೈ ಮುಷ್ಟಿಯನ್ನು ಕೊಳವೆಯ ಹಾಗೆ ಮಾಡಿ, ಅದರೊಳಗೆ ಪೆನ್ಸಿಲ್ ಸಡಿಲವಾಗಿ ನಿಲ್ಲಿಸಿ. ಈಗ ಬಲಗೈ ಬೆರಳಿಂದ ಪೆನ್ಸಿಲ್‌ನ ತುದಿಯನ್ನು ಮುಷ್ಟಿಯ ಒಳಗೋಡೆಗೆ ಒತ್ತಿ, ಗಡಿಯಾರದ ಮುಳ್ಳಿನ ಹಾಗೆ ಸುತ್ತ ತನ್ನಿ. ಪೆನ್ಸಿಲ್ ತನ್ನಷ್ಟಕ್ಕೆ ತಾನು ಎದುರು ದಿಕ್ಕಿಗೆ ಉರುಳುವುದು ಕಾಣುತ್ತದೆ. ಸಡಿಲವಾದ ಕಪ್ ಶೆಲ್‌ನೊಳಗೆ ಮಾಡುವುದೂ ಇದನ್ನೇ. ಬಲಗಡೆಯಿಂದ ನೋಡಿದರೆ ಕ್ರ್ಯಾಂಕ್ ಬಲಕ್ಕೆ ತಿರುಗುತ್ತದೆ. ಕಪ್ ಕೂದಲೆಳೆಯಷ್ಟು ಎಡಕ್ಕೆ ಉರುಳುತ್ತದೆ. ಇಂಗ್ಲಿಷ್ ಥ್ರೆಡ್‌ನಲ್ಲಿ ಎಡಕ್ಕೆ ಅಂದರೆ ಬಿಗಿ. ಇಟಾಲಿಯನ್‌ನಲ್ಲಿ ಎಡಕ್ಕೆ ಅಂದರೆ ಸಡಿಲ. ಸಾವಿರಾರು ಸುತ್ತು ತುಳಿದಾಗ ಆ ಕೂದಲೆಳೆ ಸೇರಿ ಸೇರಿ ಕಾಲು ಸುತ್ತಾಗುತ್ತದೆ.

ಎಡಗಡೆ ಕಪ್‌ಗೆ ಈ ತೊಂದರೆ ಇಲ್ಲ. ಅಲ್ಲಿಂದ ನೋಡಿದರೆ ಕ್ರ್ಯಾಂಕ್ ಎಡಕ್ಕೆ ತಿರುಗುತ್ತದೆ, ಕಪ್ ಬಲಕ್ಕೆ, ಅಂದರೆ ಬಿಗಿಯಾಗುವ ಕಡೆಗೆ. ಹಾಗಾಗಿ ಇಟಾಲಿಯನ್ ಸೈಕಲ್‌ನಲ್ಲಿ ಸಡಿಲವಾಗುವುದು ಸಾಮಾನ್ಯವಾಗಿ ಬಲ ಕಪ್. ಗೆಳೆಯನ “ಬಲಗಡೆನೇ ಕಣೋ” ನೆನಪಾಯಿತು.

ಇಟಲಿಯ ಹೆಸರಿದ್ದ ಮಾತ್ರಕ್ಕೆ ಇಟಾಲಿಯನ್ ಥ್ರೆಡ್ ಇರಲೇಬೇಕು ಅಂತಿಲ್ಲ. ಅಲ್ಲಿಯ ಕಂಪನಿಗಳೂ ಇಂಗ್ಲಿಷ್ ಥ್ರೆಡ್ ಫ್ರೇಮು ಮಾಡಿವೆ. ಹೊಸ ಕಾರ್ಬನ್ ಫ್ರೇಮುಗಳಲ್ಲಿ ಹಲವಕ್ಕೆ ಥ್ರೆಡ್ಡೇ ಇಲ್ಲ, ಒತ್ತಿ ಕೂರಿಸುವ ಬೇರಿಂಗ್. ಅಳತೆ ಮಾಡಿಯೇ ತೀರ್ಮಾನಿಸಿ. ಶೆಲ್‌ನ ಅಗಲ 70 ಇದ್ದರೆ ಇಟಾಲಿಯನ್ ಇರುವ ಸಾಧ್ಯತೆ ಬಹಳ. ಕಪ್ ಮೇಲೆ 36×24 ಅಂತ ಕೆತ್ತಿದ್ದರೆ ಅನುಮಾನವೇ ಬೇಡ. ಇಟಲಿಯಲ್ಲಿ ಅಂಗಡಿಗೆ ಹೋದರೆ ಬಿಬಿಗೆ ‘ಮೊವಿಮೆಂತೋ ಚೆಂತ್ರಾಲೆ’ ಅನ್ನಬೇಕು. ಇಟಾಲಿಯನ್ ಥ್ರೆಡ್‌ಗೆ ‘ಪಾಸ್ಸೋ ಇತಾಲಿಯಾನೋ’, ಇಂಗ್ಲಿಷ್ ಥ್ರೆಡ್‌ಗೆ ‘ಪಾಸ್ಸೋ ಇಂಗ್ಲೇಝೆ’. ಈ ಮೂರು ಮಾತು ಗೊತ್ತಿದ್ದರೆ ತಪ್ಪು ಸಾಮಾನು ಮನೆಗೆ ಬರುವುದಿಲ್ಲ.

ಗೆರೆ ಎಳೆದು ನೋಡಿ

ಕಪ್ ಸಡಿಲವಾಗುತ್ತಿದೆ ಅನ್ನುವ ಅನುಮಾನ ಬಂದ ಮೇಲೆ ಅದನ್ನು ಖಚಿತ ಮಾಡಿಕೊಳ್ಳಲು ಸುಲಭವಾದ ದಾರಿ ಇದೆ. ಬಿಚ್ಚುವುದೇ ಬೇಡ. ಬಲ ಕಪ್‌ನ ಅಂಚು ಮತ್ತು ಶೆಲ್ ಎರಡನ್ನೂ ಬಟ್ಟೆಯಿಂದ ಒರೆಸಿ. ಉಗುರಿನ ಬಣ್ಣದಿಂದ ಎರಡಕ್ಕೂ ಸೇರಿಸಿ ಒಂದು ತೆಳು ಗೆರೆ ಎಳೆಯಿರಿ. ಒಣಗಲಿ. 50 ಕಿಲೋಮೀಟರ್ ಓಡಿಸಿ. ಅದರಲ್ಲಿ ಒಂದಿಷ್ಟು ಏರು ಇರಲಿ.

ಗೆರೆ ಹಾಗೇ ಇದ್ದರೆ ಕಪ್ ಅಲುಗಿಲ್ಲ. ಬೇರೆ ಕಡೆ ಹುಡುಕಿ. ಗೆರೆ ಮುರಿದು ಕಪ್‌ನ ಭಾಗ ಸರಿದಿದ್ದರೆ ಉತ್ತರ ಸಿಕ್ಕಿತು. ನನ್ನದು ಸುಮಾರು ಮೂರು ಮಿಲಿಮೀಟರ್ ಸರಿದಿತ್ತು. ಕಪ್‌ನ ಅಂಚಿಗೂ ಶೆಲ್‌ಗೂ ನಡುವೆ ಒಂದು ಪೇಪರ್ ತೂರುವಷ್ಟು ಸಂದಿ ಆಗಿತ್ತು. ಬಲಗಡೆಯ ಹಳೇ ನಮೂನೆಯ ಕಪ್ ಶೆಲ್‌ಗೆ ಅಂಟಿಕೊಂಡಂತೆ ಕೂರಬೇಕು. ಸಂದಿ ಕಂಡರೆ ಅದೇ ಸಾಕ್ಷಿ. ಇದನ್ನು ಕೊಳ್ಳುವ ದಿನವೇ ಟಾರ್ಚ್ ಹಾಕಿ ನೋಡಬಹುದಿತ್ತು. ನಾನು ಅವತ್ತು ಬಣ್ಣ ನೋಡಿದೆ, ಸ್ಟಿಕರ್ ನೋಡಿದೆ, ಅದನ್ನು ನೋಡಲಿಲ್ಲ.

ಬಿಚ್ಚುವುದು, ಬಿಗಿಯುವುದು

ಹತ್ತಿರದಲ್ಲಿ ಒಂದು ‘ಚಿಕ್ಲೊಫಿಚೀನಾ’ ಇದ್ದರೆ ಅಲ್ಲಿಗೆ ಹೋಗಿ. ಇಟಲಿಯ ಊರುಗಳಲ್ಲಿ ಇಂಥ ಸಾರ್ವಜನಿಕ ಸೈಕಲ್ ಕಾರ್ಯಾಗಾರಗಳಿವೆ. ಉಪಕರಣ ಅವರದು, ಕೆಲಸ ನಮ್ಮದು, ಗೊತ್ತಿಲ್ಲದ್ದನ್ನು ಹೇಳಿಕೊಡುತ್ತಾರೆ. ಈ ಕೆಲಸಕ್ಕೆ ಬೇಕಾದ ಸ್ಪ್ಯಾನರ್‌ಗಳನ್ನು ಒಂದು ಸಲಕ್ಕೋಸ್ಕರ ಕೊಳ್ಳುವುದು ದುಬಾರಿ.

ಮೊದಲು ಕ್ರ್ಯಾಂಕ್ ಬೋಲ್ಟ್ ತೆಗೆದು, ಪುಲ್ಲರ್ (ಕ್ರ್ಯಾಂಕನ್ನು ಆಕ್ಸಲ್‌ನಿಂದ ಎಳೆದು ತೆಗೆಯುವ ಉಪಕರಣ) ಹಾಕಿ ಕ್ರ್ಯಾಂಕ್ ಕಳಚಿ. ಪುಲ್ಲರ್ ಅನ್ನು ಥ್ರೆಡ್‌ನ ಕೊನೆವರೆಗೂ ತಿರುಗಿಸಿ ಕೂರಿಸಿದ ಮೇಲೆಯೇ ಒತ್ತಡ ಕೊಡಿ. ಅರ್ಧಕ್ಕೆ ಕೂತಿದ್ದರೆ ಕ್ರ್ಯಾಂಕ್‌ನ ಮೆತ್ತನೆಯ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಆಮೇಲೆ ಎಡ ಕಪ್ ತಿರುಗದಂತೆ ಹಿಡಿಯುವ ಉಂಗುರ, ಅಂದರೆ ಲಾಕ್‌ರಿಂಗ್, ಎಡ ಕಪ್, ಆಕ್ಸಲ್, ಕೊನೆಗೆ ಬಲ ಕಪ್. ಬಲ ಕಪ್ ಬಿಚ್ಚುವಾಗ ಒಂದು ಕ್ಷಣ ನಿಲ್ಲಿ. ಇಂಗ್ಲಿಷ್ ಥ್ರೆಡ್ ಅಭ್ಯಾಸ ಇರುವ ಕೈ ತನ್ನಷ್ಟಕ್ಕೆ ಬಲಕ್ಕೆ ತಿರುಗಿಸುತ್ತದೆ. ಇಟಾಲಿಯನ್‌ನಲ್ಲಿ ಅದು ಬಿಗಿಯುವ ದಿಕ್ಕು. ಬರುತ್ತಿಲ್ಲ ಅಂತ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಜೋರು ಮಾಡಿದರೆ ಥ್ರೆಡ್ ಹಾಳು. ಎಡಕ್ಕೆ ತಿರುಗಿಸಿ. ಹಳೆಯ ಕಪ್‌ಗಳಿಗೆ ಸ್ಪ್ಯಾನರ್ ಹಿಡಿಯಲು ಎರಡೇ ಚಪ್ಪಟೆ ಅಂಚು, ಅದೂ ತೆಳು. ಸ್ಪ್ಯಾನರ್ ಜಾರದ ಹಾಗೆ ಬೋಲ್ಟ್ ಹಾಕಿ ಅದುಮಿ ಹಿಡಿಯುವ ಉಪಕರಣ ಇರುತ್ತದೆ. ಅದನ್ನೇ ಬಳಸಿ.

ಒಳಗಿನ ಬೇರಿಂಗ್ ಗುಂಡುಗಳನ್ನು ಎಣಿಸಿಡಿ. ಬಿಡಿ ಗುಂಡುಗಳಿದ್ದರೆ ಸಾಮಾನ್ಯವಾಗಿ ಕಾಲು ಇಂಚಿನವು, ಒಂದೊಂದು ಕಡೆಗೆ 11. ಹಳೆಯದನ್ನೇ ಮತ್ತೆ ಹಾಕಬೇಡಿ, ಹೊಸ ಗುಂಡು ಅಗ್ಗ. ಕಪ್ ಮತ್ತು ಆಕ್ಸಲ್‌ನಲ್ಲಿ ಗುಂಡು ಉರುಳುವ ದಾರಿಯನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ನಯವಾದ ಹೊಳಪು ಗೆರೆ ಇದ್ದರೆ ಸರಿ. ಸಣ್ಣ ಸಣ್ಣ ಗುಳಿ ಕಂಡರೆ ಆ ಭಾಗ ಬದಲಿಸಬೇಕು. ಗುಳಿ ಬಿದ್ದ ಕಪ್ ಕೂಡ ಒಂಥರಾ ‘ಕಟಕಟ’ ಸದ್ದು ಕೊಡುತ್ತದೆ.

ಈಗ ಥ್ರೆಡ್. ಶೆಲ್‌ನ ಒಳಗೆ ಮತ್ತು ಕಪ್ ಮೇಲೆ ಇರುವ ಹಳೇ ಗ್ರೀಸು, ತುಕ್ಕು, ಮಣ್ಣು ಎಲ್ಲ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ಒಣಗಿಸಿ. ಬಲ ಕಪ್‌ಗೆ ನಡುಮಟ್ಟದ ಬಲದ ಲಾಕ್‌ಟೈಟ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ನೀಲಿ ಬಣ್ಣದ 243 ಸಾಕು. ಕೆಂಪು ಬಣ್ಣದ ಜೋರಿನದು ಬೇಡ, ಮುಂದೆ ಬಿಚ್ಚಲು ಕಷ್ಟ. ಕೈಯಲ್ಲೇ ಕೊನೆವರೆಗೂ ತಿರುಗಬೇಕು. ಮೊದಲ ಸುತ್ತಿನಲ್ಲೇ ಬಿಗಿಯಾದರೆ ಓರೆ ಕೂತಿದೆ ಎಂದರ್ಥ. ಹೊರತೆಗೆದು ಮತ್ತೆ ನೇರ ಕೂರಿಸಿ.

ಎಷ್ಟು ಬಿಗಿ? ಆಕ್ಸಲ್, ಬೇರಿಂಗ್ ಎಲ್ಲ ಒಂದೇ ಘಟಕವಾಗಿ ಬರುವ ಮುಚ್ಚಿದ ಕಾರ್ಟ್ರಿಜ್ ಬಿಬಿಗಳಿಗೆ 50ರಿಂದ 70 ನ್ಯೂಟನ್ ಮೀಟರ್ ಅನ್ನುತ್ತಾರೆ. ಇಟಾಲಿಯನ್ ಥ್ರೆಡ್‌ನ ಬಲ ಕಪ್‌ಗೆ ನಾನು ಮೇಲಿನ ಅಂಕಿಗೇ ಹೋಗುತ್ತೇನೆ. 30 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 24 ಕಿಲೋ ಭಾರ ನೇತು ಹಾಕಿದರೆ ಎಷ್ಟೋ ಅಷ್ಟು. ಸುಮ್ನೆ ಕೈ ಅಂದಾಜಿನಲ್ಲಿ ಬಿಗಿದರೆ ಇಷ್ಟು ಬರುವುದಿಲ್ಲ. ಬಹಳ ಸಲ ಈ ಕಪ್ ಸಡಿಲವಾಗುವುದು ಹಿಂದಿನವರು ಸಾಕಷ್ಟು ಬಿಗಿಯದೇ ಇದ್ದದ್ದರಿಂದಲೇ. ಎಡ ಕಪ್‌ಗೆ ಲಾಕ್‌ಟೈಟ್ ಬೇಡ, ಗ್ರೀಸು ಹಾಕಿ. ಆಕ್ಸಲ್ ಸರಾಗವಾಗಿ ತಿರುಗಬೇಕು, ಅಲುಗಬಾರದು. ಆ ಹದ ಸಿಕ್ಕ ಮೇಲೆ ಲಾಕ್‌ರಿಂಗ್ ಬಿಗಿಯಿರಿ. ಲಾಕ್‌ಟೈಟ್ ಪೂರ್ತಿ ಹಿಡಿಯಲು ಒಂದು ದಿನ ಬಿಡಿ. ಆಮೇಲೆ ಹೊಸ ಗೆರೆ ಎಳೆಯಿರಿ.

ಕಾರ್ಯಾಗಾರದಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಲಾಕ್‌ಟೈಟ್ ಬದಲು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತುತ್ತಾರೆ. ಅದೂ ನಡೆಯುತ್ತದೆ. ಆದರೆ ಟೇಪ್ ಸುತ್ತಿದ ಕಪ್ ಕೈಗೆ ಬಿಗಿಯಾಗಿ ಸಿಗುತ್ತದೆ. ಥ್ರೆಡ್ ಸವೆದಿದೆಯೋ ಇಲ್ಲವೋ ಅನ್ನುವುದನ್ನು ಆ ಬಿಗಿ ಮುಚ್ಚಿಹಾಕುತ್ತದೆ. ಹಾಗಾಗಿ ಕೊಳ್ಳಲು ಹೋದ ಸೈಕಲ್‌ನ ಬಿಬಿ ಸಂದಿಯಲ್ಲಿ ಬಿಳಿ ಟೇಪ್‌ನ ಚೂರು ಕಂಡರೆ ಕಾರಣ ಕೇಳಿ.

ಥ್ರೆಡ್ ಹೋಗಿದ್ದರೆ

ಕಪ್ ಬಿಗಿಯುತ್ತಾ ಹೋದಾಗ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದೆ ಹಾಗೇ ಮೆತ್ತಗೆ ತಿರುಗುತ್ತಿದ್ದರೆ ಥ್ರೆಡ್ ಸವೆದಿದೆ. ಸಡಿಲವಾದ ಕಪ್ ಜೊತೆಗೇ ವರ್ಷಗಟ್ಟಲೆ ಓಡಿಸಿದ ಫ್ರೇಮುಗಳಲ್ಲಿ ಹೀಗಾಗುತ್ತದೆ.

ಇಂಗ್ಲಿಷ್ ಥ್ರೆಡ್ ಹಾಳಾದರೆ ಒಂದು ದಾರಿ ಉಂಟು. ಶೆಲ್ ಒಳಗಡೆ ಸ್ವಲ್ಪ ಕೊರೆದು, ಅದಕ್ಕಿಂತ ದೊಡ್ಡದಾದ ಇಟಾಲಿಯನ್ ಥ್ರೆಡ್ ಹಾಕಿಬಿಡುತ್ತಾರೆ. ಆದರೆ ಇಟಾಲಿಯನ್ ಥ್ರೆಡ್ಡೇ ಹಾಳಾದರೆ ಇಂಥ ಹಳೆಯ ಶೆಲ್‌ನಲ್ಲಿ ಕೊರೆದು ಹಾಕಬಹುದಾದ ಅದರ ಮೇಲಿನ ಅಳತೆ ಅಂತ ಚಾಲ್ತಿಯಲ್ಲಿ ಯಾವುದೂ ಇಲ್ಲ. ಇಷ್ಟು ಹೊತ್ತು ನಾನು ಈ ಒಂದು ಜಾಗದ ಬಗ್ಗೆಯೇ ಹೇಳುತ್ತಿರುವುದಕ್ಕೆ ಕಾರಣ ಇದು.

ಉಳಿಯುವುದು ಎರಡು ದಾರಿ. ಒಂದು, ಥ್ರೆಡ್ ಬೇಡದ ಕಾರ್ಟ್ರಿಜ್ ಬಿಬಿ. ಇದರ ಎರಡು ತುದಿ ಒಂದಕ್ಕೊಂದು ಬಿಗಿದು ಶೆಲ್ ಅನ್ನು ನಡುವೆ ಅದುಮಿ ಹಿಡಿಯುತ್ತವೆ. ದಿನನಿತ್ಯದ ಓಡಾಟಕ್ಕೆ ಇದು ಸಾಕಾಗುತ್ತದೆ. ಇನ್ನೊಂದು, ಫ್ರೇಮು ಕಟ್ಟುವವರ ಹತ್ತಿರ ಹೋಗಿ ಹೊಸ ಶೆಲ್ ಬೆಸೆಸುವುದು. ಆಮೇಲೆ ಬಣ್ಣವನ್ನೂ ಹೊಸದಾಗಿ ಹೊಡೆಸಬೇಕು. ಸಾಮಾನ್ಯ ಫ್ರೇಮಿಗೆ ಅಷ್ಟು ಖರ್ಚು ಮಾಡುವುದು ನನ್ನ ಪ್ರಕಾರ ಸರಿಯಲ್ಲ. ಅಪರೂಪದ ಫ್ರೇಮು, ಅಥವಾ ಮನೆಯ ಹಿರಿಯರು ಓಡಿಸಿದ ಸೈಕಲ್ ಆಗಿದ್ದರೆ ಮಾತು ಬೇರೆ.

ಕ್ರ್ಯಾಂಕ್‌ನಲ್ಲೇ ತೊಂದರೆ

ಗೆರೆ ಸರಿದಿಲ್ಲ, ಆದರೂ ಸದ್ದಿದೆ ಅಂದರೆ ಇಲ್ಲಿ ನೋಡಿ.

ಹಳೆಯ ಕ್ರ್ಯಾಂಕ್‌ಗಳು ಚೌಕ ತುದಿಯ ಆಕ್ಸಲ್ ಮೇಲೆ ಕೂರುತ್ತವೆ. ಈ ಚೌಕ ತುದಿಯಲ್ಲಿ ಎರಡು ಬಗೆ. ಇಟಲಿಯ ಸೈಕಲ್ ಬಿಡಿಭಾಗಗಳ ಕಂಪನಿ ಕಂಪಾನ್ಯೋಲೋ ಬಳಸಿದ್ದು ಐಎಸ್‌ಒ ಅಳತೆ. ಜಪಾನಿನವರದು ಜೆಐಎಸ್ ಅಳತೆ, ತುದಿ ಸ್ವಲ್ಪ ದಪ್ಪ. ಎರಡರ ಇಳಿಜಾರು ಒಂದೇ, ಅದಕ್ಕೇ ನೋಡಿದರೆ ಗೊತ್ತಾಗುವುದಿಲ್ಲ. ಕಂಪಾನ್ಯೋಲೋ ಕ್ರ್ಯಾಂಕನ್ನು ಜಪಾನಿ ಆಕ್ಸಲ್‌ಗೆ ಹಾಕಿದರೆ ಅದು ಸುಮಾರು 4.5 ಮಿಲಿಮೀಟರ್ ಹೊರಗೇ ನಿಂತುಬಿಡುತ್ತದೆ. ಪೂರ್ತಿ ಕೂರುವುದಿಲ್ಲ, ಭಾರ ಬಿದ್ದಾಗ ನರಳುತ್ತದೆ. ಹಿಂದಿನ ಮಾಲೀಕರು ಅಗ್ಗಕ್ಕೆ ಸಿಕ್ಕ ಬಿಬಿ ಹಾಕಿಸಿದ್ದರೆ ಹೀಗಾಗಿರಬಹುದು. ಬೋಲ್ಟ್ ತೆಗೆದು ತೂತಿನೊಳಗೆ ನೋಡಿ. ಆಕ್ಸಲ್ ತುದಿ ಬಹಳ ಆಳದಲ್ಲಿ ಕಂಡರೆ ಅನುಮಾನ ಪಡಿ. ಚೈನ್‌ವೀಲ್ ಫ್ರೇಮಿನಿಂದ ತೀರಾ ದೂರ ನಿಂತಿರುವುದೂ ಅದರ ಗುರುತು.

ಇನ್ನೊಂದು, ಜೀವಕ್ಕೆ ಸಂಬಂಧಪಟ್ಟದ್ದು. ದಶಕಗಟ್ಟಲೆ ಓಡಿದ ಅಲ್ಯುಮಿನಿಯಂ ಕ್ರ್ಯಾಂಕ್‌ಗಳಲ್ಲಿ ಬಿರುಕು ಬರುತ್ತದೆ. ಕಂಪಾನ್ಯೋಲೋದ ಹಳೆಯ ರೆಕಾರ್ಡ್ ನಮೂನೆಯ ಬಲ ಕ್ರ್ಯಾಂಕ್‌ಗಳಲ್ಲಿ ಚೈನ್‌ವೀಲ್ ಹಿಡಿಯುವ ತೋಳು ಮುಖ್ಯ ಕ್ರ್ಯಾಂಕಿಗೆ ಸೇರುವ ಮೂಲೆಯಲ್ಲಿ ಇದು ಶುರುವಾಗುತ್ತದೆ. ಪೆಡಲ್ ತೂತಿನ ಸುತ್ತಲೂ ನೋಡಿ. ಕೊಳೆ ಪೂರ್ತಿ ತೆಗೆದು, ಓರೆಯಾಗಿ ಟಾರ್ಚ್ ಬಿಟ್ಟು, ಭೂತಗನ್ನಡಿ ಹಿಡಿದು ನೋಡಬೇಕು. ಗೀರು ಅನ್ನಿಸಿದ್ದು ಒರೆಸಿದರೂ ಹೋಗದೆ, ಉಗುರಿಗೆ ತಡೆಯುತ್ತಿದ್ದರೆ ಬಿರುಕು ಅಂತಲೇ ತಿಳಿಯಿರಿ. ಆ ಕ್ರ್ಯಾಂಕ್ ಮೇಲೆ ಮತ್ತೆ ಕಾಲಿಡಬೇಡಿ. ಎದ್ದು ನಿಂತು ತುಳಿಯುವಾಗ ಅದು ಮುರಿದರೆ ನೀವು ರಸ್ತೆಗೆ ಬೀಳುತ್ತೀರಿ. ಎಷ್ಟೇ ಚೆಂದದ ಹಳೇ ಕ್ರ್ಯಾಂಕ್ ಆದರೂ ಸರಿ.

ದುಡ್ಡು ಕೊಡುವ ಮುಂಚೆ

ಮಿಲಾನ್ ಸುತ್ತಮುತ್ತ ನೆಲ ಸಮತಟ್ಟು. ಮನೆ ಮುಂದೆ 200 ಮೀಟರ್ ಓಡಿಸಿದರೆ ಈ ಸದ್ದು ಬರುವುದೇ ಇಲ್ಲ. ಹತ್ತಿರದ ಮೇಲ್ಸೇತುವೆಯ ಏರಿಗೆ ಹೋಗಿ, ಭಾರಿ ಗೇರ್ ಹಾಕಿ, ಎದ್ದು ನಿಂತು ತುಳಿಯಿರಿ. ಏರು ಇಲ್ಲದಿದ್ದರೆ ಬ್ರೇಕ್ ಹಿಡಿದು ಪೆಡಲ್ ಒತ್ತುವ ಪರೀಕ್ಷೆಯಾದರೂ ಮಾಡಿ.

ಹ್ಯಾಂಡಲ್ ಕೊರಳಿನ ಹಿಂದೆ, ಟ್ಯೂಬುಗಳ ಕೆಳಮೈಮೇಲೆ ಬೆರಳಾಡಿಸಿ. ಉಬ್ಬು ಅಥವಾ ಬಣ್ಣದಲ್ಲಿ ಸುಕ್ಕು ಸಿಕ್ಕರೆ ಎದುರಿನಿಂದ ಡಿಕ್ಕಿಯಾಗಿದೆ. ಅಂಥದ್ದನ್ನು ಬಿಡಿ. ಒಂದು ದಾರವನ್ನು ಹಿಂದಿನ ಚಕ್ರ ಕೂರುವ ಒಂದು ತುದಿಗೆ ಕಟ್ಟಿ, ಕೊರಳನ್ನು ಬಳಸಿ, ಇನ್ನೊಂದು ತುದಿಗೆ ಎಳೆದು ಕಟ್ಟಿ. ಸೀಟಿನ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಒಂದೇ ಅಂತರ ಇರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಪರವಾಗಿಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವಿಗೆ ಬಂದಾಗ ‘ಕಟ್’ ಅಂತ ಸಿಕ್ಕಿಕೊಂಡರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಕಪ್‌ಗಳಲ್ಲಿ ಗುಳಿ ಬಿದ್ದಿದೆ. ಬದಲಿಸಬಹುದು, ಬೆಲೆ ಇಳಿಸಲು ಕೇಳಿ.

ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಸ್ಟೆಮ್ ಎರಡನ್ನೂ ಮೇಲೆ ಕೆಳಗೆ ಮಾಡಿ ತೋರಿಸಲು ಹೇಳಿ. ಸ್ಟೀಲ್ ಟ್ಯೂಬಿನಲ್ಲಿ ಅಲ್ಯುಮಿನಿಯಂ ಪೋಸ್ಟ್ ವರ್ಷಗಟ್ಟಲೆ ಅಲುಗದೆ ಇದ್ದರೆ ಎರಡೂ ಬೆಸೆದ ಹಾಗೆ ಹಿಡಿದುಕೊಳ್ಳುತ್ತವೆ. ಪೋಸ್ಟ್ ಹೊರಬಂದರೆ ಸೈಕಲ್ ತಲೆಕೆಳಗು ಮಾಡಿ ತಟ್ಟಿ. ತುಕ್ಕಿನ ಪುಡಿ ಎಷ್ಟು ಉದುರುತ್ತದೆ ನೋಡಿ. ಆ ತುಕ್ಕು ಕೆಳಗಿಳಿದು ಕೂರುವುದು ಬಿಬಿ ಶೆಲ್‌ನಲ್ಲೇ.

ಉಳಿದ ಸದ್ದು

ಕಪ್ ಬಿಗಿದು ಮತ್ತೆ ಗಿಝಾಲ್ಲೋ ಹತ್ತಿದೆ. ದೊಡ್ಡ ‘ಟಕ್’ ಹೋಗಿತ್ತು. ಆದರೆ ಅದರ ಕೆಳಗೆ ಇನ್ನೊಂದು ಸಣ್ಣ ‘ಕಿರ್’ ಇತ್ತು. ಮೊದಲು ದೊಡ್ಡ ಸದ್ದಿನಲ್ಲಿ ಅದು ಮುಚ್ಚಿಹೋಗಿತ್ತು. ಎದ್ದು ನಿಂತು ತುಳಿದರೆ ಅದಿಲ್ಲ. ಕೂತಾಗ ಮಾತ್ರ. ಅಂದರೆ ಸೀಟಿನ ಕಡೆ.

ಸೀಟಿನ ಕಂಬಿಗಳಿಗೆ ಗ್ರೀಸು ಹಾಕಿದೆ, ಹೋಗಲಿಲ್ಲ. ಆಮೇಲೆ ಗಮನಿಸಿದೆ. ಸೀಟ್ ಪೋಸ್ಟನ್ನು ಬಿಗಿಯುವ ಬೋಲ್ಟ್ ಹಾದುಹೋಗುವ ಎರಡು ಕಿವಿಗಳು ಒಂದಕ್ಕೊಂದು ತಾಗಿದ್ದವು. ನಡುವೆ ಸಂದಿ ಇರಬೇಕು, ಎರಡೂ ಅಂಚು ಸಮನಾಗಿ ನಿಂತಿರಬೇಕು. ಪೋಸ್ಟ್ ಹೊರತೆಗೆದು ಕ್ಯಾಲಿಪರ್ ಹಾಕಿದೆ. 26.8 ಮಿಲಿಮೀಟರ್. ಕೊಲಂಬಸ್ ಎಸ್‌ಎಲ್ ಟ್ಯೂಬಿನ ಫ್ರೇಮಿಗೆ ಸಾಮಾನ್ಯವಾಗಿ ಬೇಕಾದದ್ದು 27.2. ಯಾರೋ ಕೈಗೆ ಸಿಕ್ಕ ಪೋಸ್ಟ್ ಹಾಕಿ, ಕಿವಿಗಳನ್ನು ಬಗ್ಗಿಸಿ ಬಿಗಿದಿದ್ದರು. 0.4 ಮಿಲಿಮೀಟರ್ ಕಡಿಮೆ ಆದರೆ ಪೋಸ್ಟ್ ಎಲ್ಲೂ ಸರಿಯಾಗಿ ಒರಗುವುದಿಲ್ಲ. ಪ್ರತಿ ತುಳಿತಕ್ಕೂ ಒಳಗೆ ಉಜ್ಜುತ್ತಿರುತ್ತದೆ.

ಕಾರ್ಯಾಗಾರದ ಹಿರಿಯರು ಕಿವಿಗಳನ್ನು ನಿಧಾನವಾಗಿ, ಒಂದೇ ಸಲಕ್ಕೆ ಜೋರು ಮಾಡದೆ, ಅಗಲಿಸಿ ಕೊಟ್ಟರು. ಸ್ಟೀಲ್ ಆದ್ದರಿಂದ ಬಗ್ಗಿತು. ನಾವಾಗಿಯೇ ಸ್ಕ್ರೂಡ್ರೈವರ್ ತುರುಕಿ ಮಾಡಿದರೆ ಬೆಸುಗೆ ಸೀಳಬಹುದು, ಅದಕ್ಕೆ ಗೊತ್ತಿದ್ದವರ ಕೈಗೇ ಕೊಡಿ. 27.2ರ ಹಳೆಯ ಪೋಸ್ಟ್ ಒಂದು ಅವರ ಡಬ್ಬಿಯಲ್ಲೇ ಸಿಕ್ಕಿತು. ಗ್ರೀಸು ಸವರಿ ಇಳಿಸಿದೆ. ಕೈಯಲ್ಲಿ ಒತ್ತಿದರೆ ನಿಧಾನಕ್ಕೆ ಇಳಿಯಿತು, ಪಕ್ಕಕ್ಕೆ ಒಂದಿಷ್ಟೂ ಅಲುಗಲಿಲ್ಲ. ಬೋಲ್ಟ್ ಬಿಗಿದಾಗ ಕಿವಿಗಳ ನಡುವೆ ಸುಮಾರು ಎರಡು ಮಿಲಿಮೀಟರ್ ಸಂದಿ ಉಳಿಯಿತು.

ಮುಂದಿನ ಭಾನುವಾರ ಅದೇ ಏರು ಹತ್ತಿದೆ. ಚೈನಿನ ಸದ್ದು, ಟಯರ್ ಸದ್ದು, ನನ್ನ ಉಸಿರು, ಇಷ್ಟೇ ಕೇಳಿಸಿತು. ಬಲ ಕಪ್ ಮೇಲಿನ ಉಗುರು ಬಣ್ಣದ ಗೆರೆಯನ್ನು ಈಗಲೂ ತಿಂಗಳಿಗೊಮ್ಮೆ, ಚೈನಿಗೆ ಎಣ್ಣೆ ಬಿಡುವಾಗ, ಒರೆಸಿ ನೋಡುತ್ತೇನೆ.